ಅಹಮದಸಾಬರು ಸಹಿ ಹಾಕಿದ್ದು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ, ಬೋರ್ಡು ಬೇಕಾಗಿಯೂ ಇಲ್ಲ. ಕೂಡ್ಲಿಗಿಯಿಂದ ಹಡಗಲಿವರೆಗೆ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆಲ್ಲ ಅದು ಅಹಮದಸಾಬರ ಶೆಡ್ಡು ಅಂತ ಗೊತ್ತು. ಐವತ್ತು ದಾಟಿದ ಈ ಮನುಷ್ಯನ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇದೆ. ಓಡುತ್ತಿರುವ ಎಂಜಿನ್ನಿಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಥೇಟ್ ಡಾಕ್ಟರು ಎದೆ ನೋಡಿದ ಹಾಗೆ. ಆಮೇಲೆ ಕಣ್ಣು ತೆರೆದು "ಬೇರಿಂಗ್ ಹೋಗ್ಯಾವ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತವೆ.

ಅವರದು ಇನ್ನೊಂದು ಹಟ. ರಿಪೇರಿಯಾದ ಗಾಡಿಯನ್ನು ತಾವೇ ಹತ್ತಿ ಎರಡು ಮೈಲಿ ಹೋಗಿ ಬರದೆ ಕೀಲಿ ಕೊಡುವುದಿಲ್ಲ. ಮಾಲೀಕ ಹೊತ್ತಾಯಿತೆಂದು ಕುಣಿದಾಡಿದರೂ ಅಷ್ಟೇ. "ನಾ ಕುಂತು ನೋಡದ ಗಾಡ್ಯಾಗ ನಿನ್ನ ಮಕ್ಕಳು ಹೆಂಗ ಕುಂದರಬೇಕು?" ಅಂತ ಬಾಯಿ ಮುಚ್ಚಿಸುತ್ತಾರೆ.

ಇಂಥವರ ಒಬ್ಬಳೇ ಮಗಳು ತಬಸ್ಸುಮ್ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳಕ್ಕೆ ಸೇರುತ್ತೇನೆಂದು ಅವಳು ಕೇಳಿದಾಗ ಅಹಮದಸಾಬರು ಕುಣಿದುಕೊಂಡೇ ಒಪ್ಪಿದ್ದರು. ಸಮವಸ್ತ್ರ, ಕವಾಯತು, ಶಿಬಿರ, ಕೊನೆಗೊಂದು ಸರ್ಟಿಫಿಕೇಟು, ಇಷ್ಟೇ ಅಂದುಕೊಂಡಿದ್ದರು. ನೀಲಿ ಟೋಪಿ ಹಾಕಿಕೊಂಡ ಮಗಳ ಫೋಟೊವನ್ನು ಶೆಡ್ಡಿಗೆ ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ವಾಯುದಳ ಅಂದಮೇಲೆ ಎಂದಾದರೂ ಗಾಳಿಗೆ ಏರಬೇಕಾದೀತು ಎನ್ನುವುದು ಮಾತ್ರ ಅಷ್ಟು ಬುದ್ಧಿವಂತನ ತಲೆಗೆ ಹೊಳೆದಿರಲಿಲ್ಲ.

ಆರು ತಿಂಗಳ ಮೇಲೆ, ರಜೆಗೆ ಬಂದ ಹುಡುಗಿ ಒಂದು ಕಾಗದ ತಂದು ಮುಂದಿಟ್ಟಳು. ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಕೆಡೆಟ್‌ಗಳಿಗೆ ಹತ್ತು ನಿಮಿಷದ ಹಾರಾಟ. ಏನಾದರೂ ಆದರೆ ಹೊಣೆ ನಮ್ಮದೇ ಎಂದು ತಂದೆಯೋ ತಾಯಿಯೋ ಸಹಿ ಹಾಕಬೇಕು.

ಅಹಮದಸಾಬರು ಕಾಗದ ಓದಿದರು, ಮಡಿಸಿ ಜೇಬಿಗಿಟ್ಟರು. ನಾಲ್ಕು ದಿನ ಅದರ ಸುದ್ದಿಯನ್ನೇ ಎತ್ತಲಿಲ್ಲ.

"ಸಹಿ ಮಾಡ್ರಿ ಅಬ್ಬಾ. ಎಲ್ಲಾರ ಮನ್ಯಾಗೂ ಮಾಡ್ಯಾರ," ಅಂತ ತಬಸ್ಸುಮ್ ಗೋಗರೆದಳು.

"ಟ್ರ್ಯಾಕ್ಟರ್ ಕೆಟ್ರ ದಾರ್ಯಾಗ ನಿಂದರ್ತೈತವ್ವಾ. ಅದು ಕೆಟ್ರ ಎಲ್ಲಿ ನಿಂದರಬೇಕು?"

ಅವರ ಹೆಂಡತಿ ಫಾತಿಮಾ ಬೀ ಹಂಪಸಾಗರದ ಹೊಳೆಯ ಕಡೆ ಬೆಳೆದ ಗಟ್ಟಿ ಹೆಣ್ಣುಮಗಳು. ಒಲೆಯ ಮುಂದಿನಿಂದಲೇ ನಕ್ಕುಬಿಟ್ಟರು. "ಊರ ಮಂದಿಗೆಲ್ಲ ಧೈರ್ಯ ಹೇಳ್ತೀರಿ. ಹತ್ತು ನಿಮಿಷಕ್ಕ ಇಷ್ಟು ಹೆದರಿಕಿ? ಕೊಡ್ರಿ ಇಲ್ಲಿ, ನಾನ ಮಾಡ್ತೀನಿ."

ಇದು ಅಹಮದಸಾಬರಿಗೆ ನಾಟಿತು. ಕಾಗದ ಮಾತ್ರ ಜೇಬು ಬಿಟ್ಟು ಹೊರಬರಲಿಲ್ಲ. "ಅವತ್ತ ನಾನೂ ಬರ್ತೀನಿ. ಎಂಜಿನ್ ಕೇಳಿ ನೋಡ್ತೀನಿ. ಸರಿ ಅನಿಸಿದ್ರ ಅಲ್ಲೇ ಸಹಿ, ಇಲ್ಲಂದ್ರ ಇಲ್ಲ," ಅಂದರು. ತಬಸ್ಸುಮ್ ತಲೆ ಮೇಲೆ ಕೈ ಹೊತ್ತು ಕೂತಳು.

ಹಾರಾಟದ ದಿನ ಅಹಮದಸಾಬರು ಮೊದಲ ಬಸ್ಸಿಗೇ ಹೊರಟು ಬಳ್ಳಾರಿ ಊರಾಚೆಯ ಏರ್‌ಸ್ಟ್ರಿಪ್ ಮುಟ್ಟಿದರು. ಗೇಟಿನಲ್ಲಿ ಕಾವಲಿನವನು ಜುಬ್ಬಾ ತಡವಿ ನೋಡಿದರೆ ಒಳಗಿಂದ ಮೊಳದುದ್ದದ ಕಬ್ಬಿಣ ಹೊರಬಂತು. ಅಲ್ಲಿಗೆ ದೊಡ್ಡ ರಾದ್ಧಾಂತವೇ ಆಯಿತು. ಏನಿದು, ಯಾಕೆ ತಂದಿರಿ, ಯಾರ ಕಡೆಯವರು ಅಂತ ಒಂದೇ ಸಮನೆ ಪ್ರಶ್ನೆ. ವಿಮಾನದ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ಹೋಗಬಾರದು ಅನ್ನುವುದು ಪಾಪ, ಅವರಿಗೇನು ಗೊತ್ತು? ಡಾಕ್ಟರಿಗೆ ಯಾರಾದರೂ ಕೊರಳಿನ ಸ್ಟೆತಸ್ಕೋಪ್ ತೆಗೆದಿಟ್ಟು ಬಾ ಅನ್ನುತ್ತಾರೆಯೇ? ಕೆಡೆಟ್‌ಗಳ ಮೇಷ್ಟ್ರು ಅರುಣ್ ಕುಮಾರ್ ಓಡಿ ಬಂದು ಸಮಾಧಾನ ಹೇಳುತ್ತಿದ್ದರು. ಸಾಲಿನಲ್ಲಿ ನಿಂತಿದ್ದ ತಬಸ್ಸುಮ್‌ಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸುತ್ತಿತ್ತು.

ಅಷ್ಟರಲ್ಲಿ ಒಳಗಿಂದ ಎಣ್ಣೆ ಕಲೆಯ ಅಂಗಿಯ ಹಿರಿಯರೊಬ್ಬರು ಬಂದರು. ವಿಮಾನದ ಎಂಜಿನ್ ನೋಡಿಕೊಳ್ಳುವ ಗಾದಿಲಿಂಗಪ್ಪ. ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡು, ನುಣ್ಣಗೆ ಸವೆದ ಹಿಡಿಯನ್ನು ನೋಡಿ ಕೇಳಿದರು, "ಕಿವಿಗೆ ಹಚ್ಚಿ ಕೇಳ್ತೀರಿ, ಹೌದಿಲ್ಲೋ?"

"ಮೂವತ್ತು ವರ್ಷಾತ್ರಿ."

"ನಾನೂ ಹಿಂಗ ಕಲ್ತಾಂವ. ನಮ್ಮೂರು ಹಡಗಲಿ ಹತ್ರದ ಮಾಗಳ. ಇದನ್ನ ಇಲ್ಲೇ ಇಡ್ರಿ, ಹತ್ರ ಬಿಡಾಕ ಬರಂಗಿಲ್ಲ. ಬರ್ರಿ, ಬೇಲಿತನಕ ಹೋಗೂಣು."

ಬೇಲಿಯ ಆಚೆ ವಿಮಾನ ನಿಂತಿತ್ತು. ಅಹಮದಸಾಬರ ಶೆಡ್ಡಿಗೆ ಬರುವ ಟ್ರ್ಯಾಲಿಯೇ ಇದಕ್ಕಿಂತ ಗಟ್ಟಿಯಾಗಿತ್ತು. ಎಂಜಿನ್ ಶುರುವಾಯಿತು. ಕಣ್ಣು ಮುಚ್ಚಿ ಕೇಳಿದರು. ಸದ್ದಿನಲ್ಲಿ ಎಲ್ಲೂ ತಡವರಿಕೆ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲ.

"ಮ್ಯಾಲ ಹೋದಮ್ಯಾಗ ಇದು ನಿಂತ್ರ?"

"ರೆಕ್ಕಿ ಅದಾವಲ್ರಿ ಸಾಬ್ರ. ತೇಲ್ಕೋಂತ ಇಳಿಸ್ತಾರ. ಪೈಲಟ್ ಅದನ್ನ ಕಲ್ತಿರ್ತಾರ."

"ಟ್ರಯಲ್ ಯಾರು ನೋಡ್ಯಾರ?"

ಗಾದಿಲಿಂಗಪ್ಪ ಅವರ ಮುಖವನ್ನೇ ನೋಡಿದರು. "ಹೊತ್ತು ಮೂಡಿದ ಕೂಡ್ಲೇ ಮೊದಲ್ನೇ ಸುತ್ತು ಹೊಡದ್ರಲ್ಲ, ಪೈಲಟ್ ಬಾಜೂಕ ನಾನ ಕುಂತಿದ್ನಿ. ನನ್ನ ಕೈಯಾಗ ರಿಪೇರಿಯಾಗಿದ್ದು. ನಾ ಮೊದಲ ಕುಂದರದ, ಮಕ್ಕಳನ್ನ ಕುಂದರಸಂಗಿಲ್ಲ."

ಅಹಮದಸಾಬರು ಜೇಬಿನಿಂದ ಕಾಗದ ತೆಗೆದರು. ಮಡಿಕೆಗಳಲ್ಲಿ ಅದು ಹರಿಯುವಂತಾಗಿತ್ತು. "ಪೆನ್ ಐತೇನ್ರಿ?" ಅಂದರು. ಗಾದಿಲಿಂಗಪ್ಪನವರ ಬೆನ್ನ ಮೇಲೆಯೇ ಕಾಗದವಿಟ್ಟು ಸಹಿ ಹಾಕಿ, ಅರುಣ್ ಕುಮಾರ್ ಅವರ ಕೈಗೆ ಕೊಟ್ಟರು.

ತಬಸ್ಸುಮ್‌ಳ ಸರದಿ ಬಂತು. ಹೆಲ್ಮೆಟ್ ಹಾಕಿಕೊಂಡು ಹತ್ತಿದಳು. ವಿಮಾನ ಓಡಿತು, ಎದ್ದಿತು, ಸಣ್ಣದಾಯಿತು. ಆ ಹತ್ತು ನಿಮಿಷ ಅಹಮದಸಾಬರು ಬೇಲಿಯ ತಂತಿ ಬಿಡಲಿಲ್ಲ. ಬಾಯಲ್ಲಿ ದುವಾ, ಕಿವಿಯೆಲ್ಲ ಆಕಾಶದ ಕಡೆ. ಒಂದು ತಿರುವಿನಲ್ಲಿ ಗಾಳಿ ಬೀಸಿ ಸದ್ದು ಕೇಳದಾದಾಗ ತುದಿಗಾಲಲ್ಲಿ ನಿಂತು ಕತ್ತು ಚಾಚಿದರು. ಮತ್ತೆ ಕೇಳಿಸಿತು. ಕೊನೆಗೆ ಚಕ್ರಗಳು ನೆಲಕ್ಕೆ ತಾಗಿ, ಎರಡು ಸಲ ಕುಪ್ಪಳಿಸಿ, ವಿಮಾನ ಓಡಿಬಂದು ನಿಂತಿತು. ಹೆಲ್ಮೆಟ್ ತೆಗೆದ ಮಗಳು ಕಂಡಳು. ಅಹಮದಸಾಬರು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದರು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದು, ಮೈಯೆಲ್ಲ ಹಗುರವಾಗಿ, ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಮೊದಲು ಮನೆಗೆ ಫೋನ್ ಹಚ್ಚಿದರು. "ಇಳದ್ಲು. ನೆಲದ ಮ್ಯಾಲ ಅದಾಳ."

ಆ ಕಡೆಯಿಂದ ಫಾತಿಮಾ ಬೀ ಬಿಕ್ಕಳಿಸಿ ಅಳುವ ಸದ್ದು.

"ಏನಾತು? ಇಳದ್ಲು ಅಂದ್ನೆಲ್ಲ. ನೀ ನಾಷ್ಟಾ ಮಾಡಿದ್ಯೋ ಇಲ್ಲೋ?"

"ಇಲ್ರೀ, ಹನಿ ನೀರೂ ಮುಟ್ಟಿಲ್ಲ. ರೋಜಾ ಅದೀನ್ರಿ," ಅಂದರು ಫಾತಿಮಾ ಬೀ, ಮೂಗು ಒರೆಸಿಕೊಂಡು. "ನೀವು ಕಾಗದ ಜೇಬಿಗಿಟ್ಟ ದಿನಾನ ಬೇಡ್ಕೊಂಡಿದ್ನಿ. ಆಕಿ ಮ್ಯಾಲ ಹೋದ ಒಂದೊಂದು ಸಲಕ್ಕ ಒಂದೊಂದು ರೋಜಾ ಅಂತ."

ಹೆದರಿಕೆಯನ್ನೆಲ್ಲ ಒಳಗೆ ನುಂಗಿ, ತನ್ನನ್ನು ನೋಡಿ ನಕ್ಕ ಹೆಂಗಸು ಇವಳು. ಅಹಮದಸಾಬರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಅಷ್ಟರಲ್ಲಿ ತಬಸ್ಸುಮ್ ಕೆದರಿದ ಕೂದಲಲ್ಲಿ ಓಡಿಬಂದಳು.

"ಅಬ್ಬಾ! ಮುಂದಿನ ತಿಂಗಳು ಇನ್ನ ಎರಡು ಸಲ ಐತಂತ್ರಿ!"

ಫೋನಿನಲ್ಲಿ ಫಾತಿಮಾ ಬೀ ಅದನ್ನು ಕೇಳಿಸಿಕೊಂಡು "ಯಾ ಅಲ್ಲಾ" ಅಂದರು.

"ಅಂಜಬ್ಯಾಡ," ಅಂದರು ಅಹಮದಸಾಬರು. "ಒಂದು ನೀ ಹಿಡಿ, ಒಂದು ನಾ ಹಿಡಿತೀನಿ."