ಕೊನೆಯ ರೀಲು ಮೊದಲು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಗುಲಾಬಿ ಬಣ್ಣಕ್ಕಿರುತ್ತಿತ್ತು. ಟೆಂಟ್ ಸಿನಿಮಾದ ಟಿಕೆಟ್ ತೆಳು ಗುಲಾಬಿ ಕಾಗದದ್ದು. ಬೆವರಿದ ಕೈಯಲ್ಲಿ ಹರಿದೂ ಹರಿದೂ ಅದರ ಬಣ್ಣ ಚರ್ಮಕ್ಕೆ ಇಳಿದಿತ್ತು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ, ಬೆರಳು ಮಾತ್ರ ಹಾಗೆ. ನಂದಗುಡಿಯ ಟೆಂಟಿನಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಿದ್ದುದರಿಂದ ಊರೆಲ್ಲ ಅವರನ್ನು ಗೇಟಕ್ಕ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಮಕ್ಕಳೇ, ನಿಮ್ಮ ತಾತ ತೀರಿಕೊಂಡಾಗ ನನಗೆ ಇಪ್ಪತ್ತಾರು, ನಿಮ್ಮಪ್ಪನಿಗೆ ನಾಲ್ಕು. ಜ್ವರದಲ್ಲಿ ಹೋದರು. ಹೋದ ನಕ್ಷತ್ರ ಒಳ್ಳೆಯದಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು ಹಿರಿಯರು. ಬೀಗ ಹಾಕಿ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಇಟ್ಟರು. ಹಾಗೆ ಮನೆ ಬಿಟ್ಟು ಬಂದವರಿಗೆ ಯಾರೂ ಜಾಗ ಕೊಡುತ್ತಿರಲಿಲ್ಲ. ಗೇಟಕ್ಕ ತಮ್ಮ ಮನೆಯ ಅರ್ಧ ಕೊಟ್ಟರು.

"ನನ್ ಗಂಡ ಯಾವ್ದೋ ಊರಲ್ಲಿ ಟೆಂಟು ಹಾಕಕ್ಕೋಗಿ ಸತ್ತ. ಯಾವ ನಕ್ಷತ್ರ ಅಂತ ಯಾರೂ ನೋಡ್ಲಿಲ್ಲ, ನಾನೂ ಕೇಳ್ಲಿಲ್ಲ. ನೀನೂ ಕೇಳ್ಬೇಡ, ಬಾ," ಎಂದರು.

ನಾನು ಅತ್ತಿರಲಿಲ್ಲ. ರಾಗಿ ಬೀಸುತ್ತಿದ್ದೆ, ಮಗುವಿಗೆ ಉಣಿಸುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಹೂಂ ಎನ್ನುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಒಂದು ಮಾತ್ರ ಗೊತ್ತಿತ್ತು: ನಿಮ್ಮ ತಾತ ಮಲಗಿದ್ದ ಆ ಕೋಣೆಗೆ ನಾನು ಮತ್ತೆ ಕಾಲಿಡಲಾರೆ. ನಾನು ಹಿಂತಿರುಗದಿದ್ದರೆ ಮನೆಯಲ್ಲಿ ಹುಲ್ಲು ತುಂಬುವುದಾಗಿ ಮೈದುನ ಹೇಳಿಯಾಗಿತ್ತು. ತುಂಬಲಿ, ನಾನು ತವರಿಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಆದರೆ ನಿಮ್ಮಪ್ಪನಿಗೆ ಸ್ವಂತದ್ದೆಂದು ಉಳಿದಿದ್ದ ಸೂರು ಅದೊಂದೇ.

ಆಗ ಟೆಂಟಿಗೆ ಒಂದು ದೆವ್ವದ ಸಿನಿಮಾ ಬಂತು. ವರ್ಷ ತುಂಬದ ವಿಧವೆ ಸಿನಿಮಾ ನೋಡುವಂತಿರಲಿಲ್ಲ. ಗೇಟಕ್ಕ ದೀಪ ಆರಿದ ಮೇಲೆ ನನ್ನನ್ನು ಒಳಗೆ ಬಿಟ್ಟು, ಹಿಂದಿನ ಕಂಬದ ಪಕ್ಕ ಮರಳಿನ ಮೇಲೆ ಕೂರಿಸಿ, ತಾವು ನನಗೆ ಮರೆಯಾಗಿ ನಿಂತರು.

ಗುಡ್ಡದ ಮೇಲೊಂದು ಹಳೆಯ ಹೋಟೆಲು. ಉಳಿದುಕೊಳ್ಳಲು ಬಂದವನೊಬ್ಬ. ಬೀಗ ಹಾಕಿದ ಒಂದು ಕೋಣೆ. ಅಷ್ಟೇ. ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ. ಕೋಣೆಗಳ ನಡುವಿನ ಉದ್ದನೆಯ ದಾರಿ, ತೊಟ್ಟಿಕ್ಕುವ ನಲ್ಲಿ, ಯಾರೂ ಕೂರದ ಕುರ್ಚಿ. ಗಂಡಸರ ಕಡೆಯಿಂದ ಒಬ್ಬ ಕೂಗಿದ: "ಏನ್ ಹೋಟ್ಲಯ್ಯಾ ಇದು, ಇಷ್ಟೊತ್ತಾದ್ರೂ ಒಂದ್ ಲೋಟ ಕಾಫಿ ಕೊಡ್ಲಿಲ್ಲ."

ಗೇಟಕ್ಕ ನಡುವಿನ ತಡಿಕೆಯ ಮೇಲಿಂದ ಅವನ ಮುಖಕ್ಕೆ ಟಾರ್ಚು ಬಿಟ್ಟರು. "ಕಾಫಿ ಬೇಕಾದ್ರೆ ನಿಮ್ಮವ್ವನ್ನ ಕೇಳೋಗ್ಲಾ. ಬಾಯ್ ಮುಚ್ಕೊಂಡು ನೋಡು."

ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು: "ಬೇರೆ ಪಿಚ್ಚರ್‌ನಲ್ಲಿ ದೆವ್ವ ಬರ್ತದೆ, ಕಿರುಚ್ತಾರೆ, ಮುಗೀತು. ಇದ್ರಲ್ಲಿ ಖಾಲಿ ಕುರ್ಚಿ ತೋರ್ಸಿ ಸುಮ್ಕಾಯ್ತಾರೆ. ಎಷ್ಟೊತ್ತು ಬೇಕಾದ್ರೂ ನೋಡ್ಕೋ ಅಂತ."

ದಿನವೂ ಹೋದೆ. "ಅಳು, ಅತ್ತರೆ ಹಗುರಾಗುತ್ತೆ" ಎಂದು ಯಾರೂ ಹೇಳದ ಜಾಗ ಅದೊಂದೇ.

ಐದನೆಯ ದಿನ ಸಿನಿಮಾ ಓಡಿಸುವ ಯಂತ್ರದವನು ರೀಲು ಅದಲುಬದಲು ಮಾಡಿದ. ಕೊನೆಗೆ ತೆರೆಯಬೇಕಾದ ಕೋಣೆ ನಡುವೆಯೇ ತೆರೆದುಕೊಂಡಿತು. ಒಳಗೆ ಒಂದು ಮಂಚ, ಗೂಟದಲ್ಲಿ ಕೋಟು, ಧೂಳು. ಮುಂದಿನ ರೀಲಿನಲ್ಲಿ ಬಾಗಿಲು ಮತ್ತೆ ಮುಚ್ಚಿತ್ತು. ಉಳಿದುಕೊಳ್ಳಲು ಬಂದವನು ದೀಪ ಹಿಡಿದು ಅದರತ್ತ ನಡೆದು ಬರುತ್ತಿದ್ದ. ಜನ ಗಲಾಟೆ ಎಬ್ಬಿಸಿದರು. ನಾನು ಗೇಟಕ್ಕನ ಕೈ ಹಿಡಿದುಕೊಂಡಿದ್ದೆ. ಅದೂ ತಣ್ಣಗಿತ್ತು.

"ಒಳಗೇನೈತೆ ಅಂತ ನೋಡಾಯ್ತು. ಆದ್ರೂ ಹೆದ್ರಿಕೆ ಹೋಗ್ಲಿಲ್ವಲ್ಲ ಕಣಮ್ಮ," ಎಂದು ನಕ್ಕರು. "ಅವನೂ ನಡಿಯೋದು ಬಿಡ್ಲಿಲ್ಲ ನೋಡು."

ಮಾರನೆಯ ಮಧ್ಯಾಹ್ನ, "ನಿಂದೂ ಕೊನೇ ರೀಲು ಮೊದ್ಲು ನೋಡ್ಬಿಡಾನ, ನಡಿ," ಎಂದು ನಮ್ಮ ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದರು. ಶಾಂತಿ ಮಾಡಿಸಿ ಹಸುವನ್ನು ಹೊಗಿಸುವ ಮೊದಲು ಯಾರೂ ಒಳಗೆ ಹೋಗಬಾರದು. ಕಿಟಕಿಯಲ್ಲಿ ನೋಡಬಾರದೆಂದು ಯಾರೂ ಹೇಳಿರಲಿಲ್ಲ. ಕಿಟಕಿ ಎತ್ತರದಲ್ಲಿತ್ತು. ಅವರು ಗೋಡೆಗೆ ಕೈ ಕೊಟ್ಟು ಬಗ್ಗಿ ನಿಂತರು. ಅಷ್ಟು ವಯಸ್ಸಾದವರ ಬೆನ್ನ ಮೇಲೆ ಕಾಲಿಡಲು ನಾನು ಹಿಂಜರಿದೆ.

"ನಾನೇನ್ ದೇವ್ರಾ? ಹತ್ತಮ್ಮ, ಬೆನ್ನು ನೋಯ್ತದೆ."

ಹತ್ತಿದೆ. ಮಂಚ. ನೀರಿನ ಚೊಂಬು. ಗೂಟದಲ್ಲಿ ನಿಮ್ಮ ತಾತನ ಅಂಗಿ. ಕತ್ತಿನ ಪಟ್ಟಿ ಕಪ್ಪಾಗಿತ್ತು.

"ಏನ್ ಕಾಣ್ತದೆ?" ಕೆಳಗಿನಿಂದ ಕೇಳಿದರು.

"ಅಂಗಿ ಒಗೀಬೇಕು," ಎಂದೆ.

ಅಳು ಆಗಲೂ ಬರಲಿಲ್ಲ. ಆದರೆ ಮುಳ್ಳು ತೆಗೆದ ದಿನ ಹಸುವಿನ ಹಿಂದೆ ಒಳಗೆ ಹೋದವಳು ನಾನೇ. ಅಂಗಿ ತೆಗೆದುಕೊಂಡು ನೇರ ಬಾವಿಕಟ್ಟೆಗೆ ಬಂದೆ. ನಿಮ್ಮಪ್ಪ ಅದೇ ಕೋಣೆಯಲ್ಲಿ ಓದಿ ದೊಡ್ಡವನಾದ.

ಈಗ ಟೀವಿಯಲ್ಲಿ ಅಂಥ ಸಿನಿಮಾ ಹಾಕಿದರೆ, "ಏನೂ ಆಗ್ತಿಲ್ಲ ಅಜ್ಜಿ, ಮುಂದಕ್ಕೆ ಓಡ್ಸಿ," ಎನ್ನುತ್ತೀರಿ. ಖಾಲಿ ಕುರ್ಚಿಯ ಮುಂದೆ ನನಗೆ ಆತುರವಿಲ್ಲ.

ಕೆಲವು ವರ್ಷಗಳಲ್ಲಿ ಟೆಂಟು ಎತ್ತಿಬಿಟ್ಟರು. ಗೇಟಕ್ಕ ಹೊಸಕೋಟೆಯ ತಮ್ಮನ ಮನೆ ಸೇರಿದರು. ತೀರಿಕೊಂಡ ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಹೋದೆ. ಹೆಬ್ಬೆರಳು ಬೆಳ್ಳಗಾಗಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ಜಗಲಿಯ ಮೇಲೆ ಪಂಚಾಂಗ ಬಿಚ್ಚಿಕೊಂಡು ಯಾರೋ ನಕ್ಷತ್ರ ನೋಡುತ್ತಿದ್ದರು. ಯಾವುದೆಂದು ನಾನು ಕೇಳಲಿಲ್ಲ.