ಮುಚ್ಚಿದ ಬಾವಿಯ ಮೇಲಿನ ಬೀಮ್

ನಮ್ಮ ಮನೆಗೆ ಪಾಯ ತೋಡುತ್ತಿದ್ದ ದಿನ ನಾನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದೆ. ಅಲ್ಲಿ ನನ್ನದು ತಪಾಸಣೆ ಕೆಲಸ. ಬೆಲ್ಟಿನ ಮೇಲೆ ಬರುವ ಪ್ಲಾಸ್ಟಿಕ್ ಬಿಡಿಭಾಗಗಳಲ್ಲಿ ಸೀಳು, ಗುಳ್ಳೆ ಕಂಡರೆ ಎತ್ತಿ ಪಕ್ಕಕ್ಕೆ ಹಾಕಬೇಕು. ವರ್ಷಾನುಗಟ್ಟಲೆ ಅದನ್ನೇ ಮಾಡಿ, ಯಾವ ವಸ್ತು ನೋಡಿದರೂ ಮೊದಲು ಅದರ ಐಬು ಹುಡುಕುವ ಚಾಳಿ ಅಂಟಿಕೊಂಡಿದೆ. ಊಟದ ಬಿಡುವಿನಲ್ಲಿ ಗಂಡನ ಫೋನ್ ಬಂತು. ಅವರು ಕನಕಪುರದಲ್ಲಿ ಗೂಡ್ಸ್ ಆಟೊ ಓಡಿಸುತ್ತಾರೆ. ಅವತ್ತು ಬಾಡಿಗೆ ಬಿಟ್ಟು ಸೈಟಿನಲ್ಲಿ ನಿಂತಿದ್ದರು.

"ಏನಿಲ್ಲ, ಅಡುಗೆಮನೆ ಕಡೆ ಗುಂಡಿಲಿ ಮಣ್ಣು ಒಸಿ ಲೂಸ್ ಐತೆ. ಮೇಸ್ತ್ರಿ ಇನ್ನೆರಡಡಿ ತೋಡಿ ಜಲ್ಲಿ ತುಂಬ್ತೀನಿ ಅಂತಾವ್ನೆ. ನೀನು ಗಾಬರಿ ಆಗ್ಬೇಡ."

ಗಾಬರಿ ಆಗಬೇಡ ಎಂದ ಮೇಲೇ ನನಗೆ ಗಾಬರಿಯಾದದ್ದು. ಅರ್ಧ ದಿನ ರಜೆ ಹಾಕಿ ಬಸ್ ಹತ್ತಿದೆ.

ಗುಂಡಿಯಲ್ಲಿ ಇಣುಕಿದರೆ ಮಣ್ಣಿನ ಜೊತೆ ಹಳೆ ಹೆಂಚಿನ ಚೂರು, ಬೂದಿ, ಹರಿದ ಗೋಣಿಚೀಲ. ಗಟ್ಟಿ ನೆಲ ಇರಬೇಕಾದ ಕಡೆ ಹಾರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಪಕ್ಕದ ಮನೆಯದು ರೇಷ್ಮೆ ನೂಲು ಬಿಚ್ಚುವ ಸಾಬರ ಕುಟುಂಬ. ಆ ಮನೆಯ ಅಜ್ಜಿ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದವರು ಮೆಲ್ಲಗೆ ಕೇಳಿದರು: "ಬಾವಿ ಮೇಲೆ ಯಾಕಮ್ಮ ಕಂಬ ನಿಲ್ಲಿಸ್ತೀರಾ?"

ಸೈಟು ಮಾರಿದವರು ಬಾವಿಯ ಸುದ್ದಿಯನ್ನೇ ಎತ್ತಿರಲಿಲ್ಲ.

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದರು ಅಜ್ಜಿ. "ಮದುವೆಯಾಗಿ ಬಂದಾಗಿಂದ ಇದೇ ಬಾವಿ ನೀರು ಸೇದಿದ್ದೀನಿ. ಆಮೇಲೆ ಬತ್ತಿಹೋಯ್ತು, ಬೀದಿಯವರೆಲ್ಲ ಕಸ ಹಾಕಿ ಮುಚ್ಚಿದರು."

ನನ್ನ ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಗಂಗಮ್ಮನ ಬಾಯಿ ಮುಚ್ಚಿ ಒಲೆ ಹಚ್ಚಿದರೆ ಆ ಮನೆ ಏಳಿಗೆ ಆಗಲ್ಲ ಎನ್ನುವುದು ಅವರ ನಂಬಿಕೆ. ನನಗೆ ಹೆದರಿಕೆ ಬೇರೆಯೇ. ಗೋಡೆ ಎದ್ದ ಮೇಲೆ ಒಂದು ದಿನ ನೆಲ ಬಾಯಿ ಬಿಟ್ಟರೆ? ಆ ಹೊತ್ತಿಗೆ ಮಗಳು ಅಲ್ಲೇ ನಿಂತಿದ್ದರೆ?

"ಜಲ್ಲಿ ತುಂಬಿ ದಿಮ್ಸಲ್ಲಿ ಬಡುದು ಗಟ್ಟಿ ಮಾಡುದ್ರೆ ಏನೂ ಆಗಕ್ಕಿಲ್ಲ ಕಣಕ್ಕ. ಇಂಥವು ಎಷ್ಟ್ ನೋಡಿವ್ನಿ," ಎಂದ ಮೇಸ್ತ್ರಿ.

ನಾನು ಒಪ್ಪಲಿಲ್ಲ. ಪ್ಲಾನ್ ಬರೆದಿದ್ದ ಇಂಜಿನಿಯರನ್ನು ಕರೆಸದೆ ಒಂದು ಬುಟ್ಟಿ ಜಲ್ಲಿಯೂ ಬೀಳಬಾರದು ಎಂದೆ. ಮೇಸ್ತ್ರಿ ಗುದ್ದಲಿಯನ್ನು ಅಲ್ಲೇ ಬಿಸಾಕಿ ಟೀ ಕುಡಿಯಲು ಹೋದ.

ಇಂಜಿನಿಯರ್ ಮರುದಿನ ಬಂದರು. ಹೆಚ್ಚು ಮಾತಿಲ್ಲದ ಮನುಷ್ಯ. ಬಾವಿ ಎಷ್ಟು ಅಗಲವಿತ್ತು ಎಂದು ಅಜ್ಜಿಯನ್ನೇ ಕೇಳಿದರು. ಅಜ್ಜಿ ನಮ್ಮ ಸೈಟಿಗೆ ಬಂದು, ಕಣ್ಣು ಕಿರಿದು ಮಾಡಿ ಸುತ್ತ ನೋಡಿ, ಕೋಲು ಊರಿಕೊಂಡು ನಿಧಾನವಾಗಿ ಒಂದು ಸುತ್ತು ನಡೆದರು. "ಇಲ್ಲಿ ರಾಟೆ ಇತ್ತು. ಇಲ್ಲಿ ಬಟ್ಟೆ ಒಗೆಯೋ ಕಲ್ಲು. ಇಲ್ಲಿ ನಾನು ಜಾರಿ ಬಿದ್ದು ಕೈ ಮುರ್ಕೊಂಡೆ." ಅವರು ನಡೆದ ದಾರಿಯಲ್ಲೇ ಇಂಜಿನಿಯರ್ ಸುಣ್ಣದ ಪುಡಿ ಉದುರಿಸಿದರು. ಆಮೇಲೆ ಕಬ್ಬಿಣದ ಸರಳು ಹೊಡೆದು ನೋಡಿದರೆ, ಗೆರೆಯೊಳಗೆ ಸರಳು ಸಲೀಸಾಗಿ ಇಳಿಯಿತು; ಗೆರೆಯಾಚೆ ಠಣ್ಣೆಂದು ನಿಂತಿತು.

ಬಾವಿಯ ಮೇಲೆ ಬರುತ್ತಿದ್ದ ನಡುಗಂಬವನ್ನು ಕೈಬಿಟ್ಟರು. ಎರಡು ಕಡೆ ಗಟ್ಟಿ ನೆಲದಲ್ಲಿ ಕಂಬ ನಿಲ್ಲಿಸಿ, ಅವುಗಳ ನಡುವೆ ನೆಲಮಟ್ಟದಲ್ಲಿ ಉದ್ದನೆಯ, ಹೆಚ್ಚು ದಪ್ಪದ ಪ್ಲಿಂತ್ ಬೀಮ್ ಹಾಕುವುದು ಎಂದಾಯಿತು. "ಗೋಡೆ ಕೂರುವುದು ಮಣ್ಣಿನ ಮೇಲಲ್ಲ, ಈ ಬೀಮಿನ ಮೇಲೆ," ಎಂದು ವಿವರಿಸಿದರು. "ಬೀಮು ಆ ಭಾರವನ್ನು ಕಂಬಗಳಿಗೆ ದಾಟಿಸುತ್ತದೆ. ಬಾವಿಯ ಮಣ್ಣು ಇದ್ದರೂ ಒಂದೇ, ಹೋದರೂ ಒಂದೇ."

ಮಣ್ಣು ಹೋದರೆ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕಾಂಕ್ರೀಟ್ ಹಾಕುವ ದಿನ ಪೂರ್ತಿ ರಜೆ ಹಾಕಿದೆ. ಮಿಕ್ಸರ್ ಆಗಲೇ ತಿರುಗುತ್ತಿತ್ತು. ಬಗ್ಗಿ ನೋಡಿದರೆ ಬೀಮಿಗೆ ಹೊಡೆದ ಹಲಗೆಯ ಅಚ್ಚಿನ ನಟ್ಟನಡುವೆ ಸರಳುಗಳು ಜೋತು ತಳಕ್ಕೆ ತಾಗಿದ್ದವು. ಕಬ್ಬಿಣದ ಕೆಳಗೂ ಕಾಂಕ್ರೀಟ್ ಹೋಗಬೇಕು, ಅದಕ್ಕೆ ಸಿಮೆಂಟಿನ ಸಣ್ಣ ಬಿಲ್ಲೆ ಇಡಬೇಕು, ಇಲ್ಲದಿದ್ದರೆ ತೇವ ತಾಗಿ ತುಕ್ಕು ಹಿಡಿಯುತ್ತದೆ ಎಂದು ಇಂಜಿನಿಯರ್ ಹೇಳಿದ್ದು ನೆನಪಿತ್ತು. ಬಿಲ್ಲೆಗಳು ಎರಡು ತುದಿಯಲ್ಲಿದ್ದವು, ನಡುವೆ ಇರಲಿಲ್ಲ.

"ಮಿಕ್ಸರ್ ನಿಲ್ಲಿಸಿ," ಎಂದೆ.

"ಅಕ್ಕ, ಕಲಸಿದ್ ಮಾಲು ಗಟ್ಟಿ ಆಯ್ತದೆ. ಇದೇನ್ ನಿಮ್ ಫ್ಯಾಕ್ಟ್ರಿಯಾ?"

ನಾನು ಸರಳಿನ ಪಕ್ಕ ಕೂತೇಬಿಟ್ಟೆ. ಮೇಸ್ತ್ರಿ ನನ್ನ ಗಂಡನ ಮುಖ ನೋಡಿದ. ಅವರು ಹಾರೆ ತಂದು ಸರಳುಗಳನ್ನು ಎತ್ತಿ ಹಿಡಿದರು. ಮೇಸ್ತ್ರಿ ಗೊಣಗುತ್ತಲೇ ಬಿಲ್ಲೆಗಳನ್ನು ಒಂದೊಂದಾಗಿ ಒಳಕ್ಕೆ ತಳ್ಳಿದ. ಆಮೇಲೇ ಕಾಂಕ್ರೀಟ್ ಬಿತ್ತು. ಬೀಮಿಗೆ ಹೊದಿಸಿದ ಗೋಣಿಗೆ ದಿನವೂ ನೀರು ಹಾಕುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಮೊದಲು ಅರಿಶಿನ ಕುಂಕುಮ ಇಟ್ಟು, ಆಮೇಲೆ ನೀರು.

ಒಕ್ಕಲು ಬಂದ ಮೊದಲ ವರ್ಷವೇ ಮಳೆ ಜೋರಾಗಿ ಹಿಡಿಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಟೈಲ್ಸ್ ಕಾಲಡಿಯಲ್ಲಿ ಟೊಳ್ಳು ಸದ್ದು ಮಾಡಿತು. ಗೋಡೆಯ ಬುಡದಲ್ಲಿ ನೆಲ ಎರಡು ಬೆರಳು ಇಳಿದಿತ್ತು. ಹೊರಗೆ ಓಡಿ ನೋಡಿದರೆ ಬೀಮಿನ ಕೆಳಗೆ ಮಣ್ಣೇ ಇಲ್ಲ. ಕೈ ಹಾಕಿದೆ. ಮೊಣಕೈವರೆಗೂ ಹೋಯಿತು, ಒಳಗೆ ತಣ್ಣನೆಯ ಗಾಳಿ.

ಗಂಡ ಆಗಲೇ ಬಾಡಿಗೆಗೆ ಹೋಗಿದ್ದರು. ಗ್ಯಾಸ್ ಆರಿಸಿ, ಮಗಳನ್ನೂ ಅತ್ತೆಯನ್ನೂ ಎಬ್ಬಿಸಿಕೊಂಡು ಅಜ್ಜಿಯ ಮನೆಗೆ ಹೋದೆ. ಕಾರಣ ಕೇಳದೆ ಅಜ್ಜಿ ಚಾಪೆ ಹಾಸಿದರು. ಇಂಜಿನಿಯರಿಗೆ ಫೋನ್ ಮಾಡಿ, ಅವರು ಬರುವವರೆಗೂ ಕಿಟಕಿಯಿಂದ ನಮ್ಮ ಗೋಡೆಯನ್ನೇ ನೋಡುತ್ತ ಕೂತಿದ್ದೆ, ಕಣ್ಣು ತೆಗೆದರೆ ಬೀಳುತ್ತದೋ ಎನ್ನುವ ಹಾಗೆ.

ಅವರು ಗೋಡೆಗೆ ತೂಗುಗುಂಡು ಇಳಿಬಿಟ್ಟರು, ಬೀಮಿನುದ್ದಕ್ಕೂ ದಾರ ಎಳೆದರು, ಮಲಗಿ ಅದರ ಅಡಿಗೆ ಟಾರ್ಚ್ ಬಿಟ್ಟು ನೋಡಿದರು. ಮೈಯೆಲ್ಲ ಕೆಸರು ಮಾಡಿಕೊಂಡು ಎದ್ದು ಬಂದರು.

"ಮಣ್ಣು ಇಳಿದಿದೆ. ಮನೆ ಇಳಿದಿಲ್ಲ. ಕೂದಲೆಳೆಯಷ್ಟೂ ಬಿರುಕಿಲ್ಲ."

"ಇನ್ನೂ ಇಳುದ್ರೆ?" ಎಂದು ಕೇಳಿದೆ.

"ನೆಲ ಇಳಿಯಬಹುದು. ಅದನ್ನು ಮತ್ತೆ ಹಾಕೋಣ. ಗೋಡೆಗೆ ಆ ಮಣ್ಣಿನ ಹಂಗಿಲ್ಲ."

ಅಡುಗೆಮನೆಯ ನೆಲ ಒಡೆದು, ಮರಳು, ದಪ್ಪ ಜಲ್ಲಿ ಪದರಪದರವಾಗಿ ಹಾಕಿ ದಿಮ್ಸು ಹೊಡೆದರು. ಈ ಸಲ ನೆಲಕ್ಕೂ ಸರಳು ಕಟ್ಟಿದರು. ಅದೇ ಮೇಸ್ತ್ರಿ ಬಂದಿದ್ದ. ಬೀಮಿನ ಅಡಿಗೆ ಬಗ್ಗಿ ನೋಡಿ, ಸರಳು ಎಲ್ಲೂ ಹೊರಗಿಣುಕದ ತಳವನ್ನು ಕೈಯಲ್ಲಿ ಸವರಿ, "ಅವತ್ತು ನೀವು ಕೂತಿದ್ದೇ ಒಳ್ಳೇದಾಯ್ತು ಬುಡಿ," ಎಂದ. ನನಗೆ ಖುಷಿಯಾಗಲಿಲ್ಲ. ಅವತ್ತು ರಜೆ ಸಿಗದೆ ಹೋಗಿದ್ದರೆ ಎಂದೇ ಯೋಚಿಸುತ್ತಿದ್ದೆ.

ಹೊಸ ನೆಲ ಒಣಗಿದ ಮೇಲೆ ಅತ್ತೆಯೇ ಮೊದಲು ಒಳಗೆ ಹೋಗಿ ಒಲೆ ಹಚ್ಚಿದರು. ಹಿಟ್ಟಿನ ಕೋಲು ಹಿಡಿದು, ಎರಡೂ ಕಾಲು ಊರಿ, ಮುದ್ದೆ ತಿರುವತೊಡಗಿದರು. ನಾನು ಹೊಸ್ತಿಲಲ್ಲೇ ನಿಂತಿದ್ದೆ.

"ಎಷ್ಟೊತ್ತು ಅಲ್ಲೇ ನಿಂತ್ಕಂಡಿದ್ದೀಯೆ? ಸಾರಿಗೆ ಒಗ್ಗರಣೆ ಹಾಕು ಬಾ," ಎಂದರು.

ಒಂದು ಕಾಲಿಟ್ಟು ನೋಡಿದೆ, ಆಮೇಲೆ ಇನ್ನೊಂದು. ಸಾಸಿವೆ ಡಬ್ಬಿ ತೆಗೆದುಕೊಳ್ಳಲು ಆ ಗೋಡೆಯ ಬುಡಕ್ಕೇ ಹೋಗಬೇಕಿತ್ತು. ಹೋದೆ.