ಹೊಂಗೆ ಮರದ ಕೆಳಗೆ ಕ್ಲೋರಿನ್

ನಲ್ಲಿ ತಿರುಗಿಸಿದಾಗ ಕೆಲವು ದಿನ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ. ಆ ದಿನ ಲೋಟ ಕೈಯಲ್ಲೇ ನಿಂತುಬಿಡುತ್ತದೆ. ಮನೆಯವರು ಸ್ವಲ್ಪ ಹೊತ್ತು ಇಟ್ಟರೆ ವಾಸನೆ ಹೋಗುತ್ತದೆ ಎನ್ನುತ್ತಾರೆ, ನಿಜವೇ. ಆದರೆ ನನಗೆ ಆ ವಾಸನೆಯ ಹಿಂದೆಯೇ ಇದ್ದಿಲಿನ ಹೊಗೆ, ಬತ್ತುತ್ತಿದ್ದ ಕುಂಟೆಯ ಕೆಸರು, ಮಾರ್ಚಿ ತಿಂಗಳ ಬಿಸಿಲು ಎಲ್ಲಾ ಬಂದು ನಿಲ್ಲುತ್ತವೆ. ದೇವರಾಯಸಮುದ್ರದಲ್ಲಿ ನಮಗೊಂದು ಮನೆಯಿತ್ತು. ಆ ಮನೆಯಲ್ಲಿ ಎಲ್ಲವೂ ಎಂದಿನಂತೆ ನಡೆದ ಕೊನೆಯ ದಿನ ಯಾವುದು ಎಂದು ಯಾರಾದರೂ ಕೇಳಿದರೆ, ನಮ್ಮ ಎಸ್.ಎಸ್.ಎಲ್.ಸಿ. ಕೆಮಿಸ್ಟ್ರಿ ಪರೀಕ್ಷೆಯ ದಿನ ಎಂದು ಹೇಳುತ್ತೇನೆ. ಅಂದು ನಾವು ಬಹಳ ಹೆದರಿದ್ದೆವು. ಹೆದರಬೇಕಾದದ್ದು ಯಾವುದಕ್ಕೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

ನಾವು ಎಂದರೆ ನಾನು ಮತ್ತು ಮುನಿಶಾಮಿ. ಮುನಿಶಾಮಿ ನನ್ನ ಚಿಕ್ಕಪ್ಪ, ಅಪ್ಪನ ಕಡೇ ತಮ್ಮ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಅಪ್ಪನ ಮುಂದೆ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದೆ, ಬೀದಿಗೆ ಇಳಿದರೆ ಏನ್ಲಾ ಮುನಿಶಾಮಿ. ಅವನನ್ನು ಹೆತ್ತ ಅಜ್ಜಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ನಾನು ಹುಟ್ಟಿದ ಮೇಲೆ ಅಮ್ಮ ಒಂದು ಕಡೆ ನನಗೆ, ಇನ್ನೊಂದು ಕಡೆ ಅವನಿಗೆ ಹಾಲು ಕೊಟ್ಟು ಇಬ್ಬರನ್ನೂ ಸಾಕಿದಳು. ಗಡಿಯ ಕಡೆಯ ಮನೆಗಳಂತೆ ನಮ್ಮ ಮನೆಯಲ್ಲೂ ತೆಲುಗು ಕನ್ನಡ ಕಲೆತೇ ಇದ್ದವು. ಅತ್ತಿಗೆಯಾದ ಅಮ್ಮನನ್ನು ಅವನು ತೆಲುಗಿನಲ್ಲಿ 'ವದಿನಾ' ಎಂದು ಕರೆಯುತ್ತಿದ್ದ. ಆ ಕೂಗು ಕೇಳಿದರೆ ಅಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ ತಿರುಗಿ ನೋಡುತ್ತಿದ್ದಳು, ನಾನು ಕೂಗಿದರೆ ಬೀಸುತ್ತಲೇ ಓಗೊಡುತ್ತಿದ್ದಳು. ಹಿಂದಿನ ವರ್ಷ ಮುನಿಶಾಮಿ ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದ. ಅಪ್ಪ ಅವನನ್ನು ಮದನಪಲ್ಲಿಗೆ, ತನ್ನ ಭಾವನ ಹುಣಸೆಹಣ್ಣಿನ ಮಂಡಿಗೆ ಕಳಿಸಿದ. ಆ ಭಾವ ಕೈ ಮಾಡುವ ಮನುಷ್ಯ. ತಿಂಗಳು ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಅಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋದರೆ, ಮುನಿಶಾಮಿ ಎಮ್ಮೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಅಂಗಿ ಬೆನ್ನಿನ ಬಾಸುಂಡೆಗೆ ಅಂಟಿಕೊಂಡಿತ್ತಂತೆ. ಅಮ್ಮ ಆ ದಿನವೆಲ್ಲಾ ಅಪ್ಪನ ಜೊತೆ ಮಾತಾಡಲಿಲ್ಲ. "ಇನ್ನೊಂದ್ಸಲ ಕಟ್ಲಿ. ಈ ಸಲ ಹೋದ್ರೆ ಮಂಡೀನೇ ಗತಿ" ಎಂದು ಅಪ್ಪ ಒಪ್ಪಿದ. ಹಾಗಾಗಿ ಚಿಕ್ಕಪ್ಪ ನನ್ನ ತರಗತಿಯವನಾದ.

ಪರೀಕ್ಷೆ ಕೋಲಾರದಲ್ಲಿ. ಮುಳಬಾಗಿಲಿನ ನಮ್ಮ ಹೈಸ್ಕೂಲಿನ ಹುಡುಗರೆಲ್ಲ ಅಲ್ಲಿ ಒಂದು ಛತ್ರದಲ್ಲಿ ಉಳಿದಿದ್ದೆವು. ಕೆಮಿಸ್ಟ್ರಿ ಕೊನೆಯದು. ಅದನ್ನು ಮುಗಿಸಿ ಟ್ರಂಕು ಹೊತ್ತು ನಾನು, ಮುನಿಶಾಮಿ, ನಮ್ಮ ತರಗತಿಗೆ ಮೊದಲಿಗನಾದ ಸತ್ಯ ಮೂವರೂ ಮುಳಬಾಗಿಲ ಬಸ್ಸು ಹತ್ತಿದೆವು. ಯುದ್ಧದ ಕಾಲ, ಪೆಟ್ರೋಲಿಲ್ಲ, ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದ ಕಡೆ ಅದು ನಿಂತೇ ನಿಲ್ಲುತ್ತಿತ್ತು. ಅಂದೂ ನಿಂತಿತು. ಕ್ಲೀನರು ಹಿಂದಕ್ಕೆ ಹೋಗಿ ಒಲೆಗೆ ಇದ್ದಿಲು ತುಂಬಿ ಗಾಳಿಯ ಹಿಡಿ ತಿರುಗಿಸತೊಡಗಿದ. ನಾವು ಇಳಿದು ರಸ್ತೆಯ ಪಕ್ಕದ ಸಣ್ಣ ಕೆರೆ, ಕುಂಟೆಯ ದಡದಲ್ಲಿದ್ದ ಹೊಂಗೆ ಮರದ ಕೆಳಗೆ ಕೂತೆವು.

"ಪೇಪರ್ ತೆಗಿಯೋ ಸತ್ಯ" ಎಂದ ಮುನಿಶಾಮಿ.

"ಬೇಡ ಕಣೋ, ಬರ್ದದ್ದಾಯ್ತಲ್ಲ."

"ನಿಂಗೇನಪ್ಪ, ಫಸ್ಟ್ ಕ್ಲಾಸು. ನಾನು ಮದನಪಲ್ಲಿಗೆ ಗಂಟು ಕಟ್ಬೇಕೋ ಬೇಡ್ವೋ ಗೊತ್ತಾಗ್ಬೇಕಲ್ಲ. ತೆಗಿ."

ಪ್ರತಿ ಪರೀಕ್ಷೆಯಾದ ಮೇಲೂ ನಮ್ಮದು ಒಂದೇ ಪದ್ಧತಿ. ಸತ್ಯ ಪ್ರಶ್ನೆ ಓದಬೇಕು, ನಾವು ಬರೆದದ್ದನ್ನು ಹೇಳಬೇಕು, ಸರಿಯಾದರೆ ಅವನು ಅಂಕಕ್ಕೆ ತಕ್ಕಂತೆ ಬೀಜವೋ ಕಲ್ಲೋ ಮುಂದಿಡಬೇಕು. ಅಲ್ಲಿ ಉದುರಿದ ಹೊಂಗೆಕಾಯಿ ಬೇಕಾದಷ್ಟಿದ್ದವು. ಮೊದಲ ಪ್ರಶ್ನೆಗಳಿಗೆ ಮುನಿಶಾಮಿಯ ಮುಂದೆ ಕಾಯಿ ಬಿದ್ದವು. ಅವನ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಸತ್ಯ ಗಂಟಲು ದಪ್ಪ ಮಾಡಿಕೊಂಡು, ಥೇಟು ನಮ್ಮ ಮೇಷ್ಟರ ಹಾಗೆ, ಕ್ಲೋರಿನ್ ತಯಾರಿಸುವ ವಿಧಾನ ಕೇಳಿದ.

"ಅಡಿಗೆ ಉಪ್ಪು, ಮ್ಯಾಂಗನೀಸ್ ಡೈ ಆಕ್ಸೈಡ್. ಅದಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಸೋದು."

"ಉಪ್ಪಾ? ಉಪ್ಪು ಹಾಕಿ ಏನ್ ಉಪ್ಪಿನಕಾಯಿ ಮಾಡ್ತೀಯೇನೋ? ಹೈಡ್ರೋಕ್ಲೋರಿಕ್ ಆಸಿಡ್ ಕಣೋ. ಉಪ್ಪೂ ಇಲ್ಲ, ಸಲ್ಫ್ಯೂರಿಕ್ಕೂ ಇಲ್ಲ."

"ಹೋದ ವರ್ಷದ ಮೇಷ್ಟ್ರು ಹಿಂಗೇ ಹೇಳ್ಕೊಟ್ಟಿದ್ದು."

"ಅದಕ್ಕೇ ಹೋದ ವರ್ಷ ಫೇಲಾದದ್ದು ನೀನು!"

ನಾನು ನಕ್ಕೆ. ಮುನಿಶಾಮಿಯೂ ನಕ್ಕ. ಆಮೇಲೆ ಅವನ ನಗು ತುಟಿಯ ಮೇಲೆಯೇ ಒಣಗಿತು. "ಪೂರ್ತಿ ಹೋಯ್ತಾ?" ಎಂದು ಮೆಲ್ಲಗೆ ಕೇಳಿದ. ಸತ್ಯ ಕೈಯಲ್ಲಿದ್ದ ಕಾಯಿಗಳನ್ನು ಮತ್ತೆ ನೆಲಕ್ಕೆ ಬಿಟ್ಟ. ಮಿಕ್ಕ ಪ್ರಶ್ನೆಗಳನ್ನು ಬೇಗಬೇಗ ಓದಿದ. ಕೊನೆಯದು ಕುಡಿಯುವ ನೀರನ್ನು ಶುದ್ಧಿ ಮಾಡುವ ಬಗೆ. ಅದನ್ನು ಮುನಿಶಾಮಿ ಒಂದೂ ತಪ್ಪದೆ ಹೇಳಿದ. ಸೋಸುವುದು, ಕುದಿಸುವುದು, ಬ್ಲೀಚಿಂಗ್ ಪುಡಿ ಹಾಕುವುದು, ಅದರಿಂದ ಯಾವ ರೋಗಗಳು ನಿಲ್ಲುತ್ತವೆ ಎಂಬುದು. ಹೇಳಿ ಮುಗಿಸಿದಾಗ ಅವನ ಬಾಯಿ ಒಣಗಿತ್ತು. ಎದ್ದು ಕುಂಟೆಗೆ ಇಳಿದು, ಮೇಲಿನ ಪಾಚಿಯನ್ನು ಕೈಯಿಂದ ಸರಿಸಿ, ಬೊಗಸೆಯಲ್ಲಿ ಮೊಗೆದು ಕುಡಿದ. ನಾನೂ ಇಳಿದು ಕುಡಿದೆ. ಸತ್ಯ ತನ್ನ ಕೂಜದಲ್ಲಿ ಉಳಿದಿದ್ದ ನೀರನ್ನೇ ಕುಡಿದ. ಕುಂಟೆಯದು ಎಷ್ಟೋ ವರ್ಷ ಎಲ್ಲರೂ ಹಾಗೇ ಕುಡಿದ ನೀರು, ನಮಗೆ ಯಾವ ಯೋಚನೆಯೂ ಬರಲಿಲ್ಲ. ಮುನಿಶಾಮಿ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ ತನ್ನ ಮುಂದಿನ ಕಾಯಿಗಳನ್ನೇ ನೋಡುತ್ತಿದ್ದ.

ಊರಿಗೆ ಬಂದಾಗ ಅಮ್ಮ ಹಂಡೆಯಲ್ಲಿ ನೀರು ಕಾಯಿಸಿಟ್ಟು ಕಾಯುತ್ತಿದ್ದಳು. ಅವರೆಕಾಳಿನ ಸಾರು, ಬಿಸಿ ಮುದ್ದೆ. ಅಪ್ಪ "ಹೆಂಗಾಯ್ತು?" ಎಂದ. ಮುನಿಶಾಮಿ "ಆಯ್ತಣ್ಣ" ಎಂದ. ಊಟವಾದ ಮೇಲೆ ಅವನು ನನ್ನ ಪುಸ್ತಕ ತೆಗೆದು ಕ್ಲೋರಿನ್ ಪಾಠ ನೋಡಿದ. ಸತ್ಯ ಹೇಳಿದ್ದೇ ಇತ್ತು, ಉಪ್ಪಿನ ಮಾತೇ ಇರಲಿಲ್ಲ. "ಲೇ ಕಿಟ್ಟ, ವದಿನಂಗೆ ಈಗ್ಲೇ ಹೇಳ್ಬೇಡ" ಎಂದ. ಮರುದಿನವೆಲ್ಲಾ ಅವನು ಅಮ್ಮನ ಹಿಂದೆಯೇ ತಿರುಗಿದ. ನೀರು ಸೇದಿದ, ಕೊಟ್ಟಿಗೆ ಗುಡಿಸಿದ, ಯಾರೂ ಹೇಳದೆ ಸೌದೆ ಒಡೆದ. ಮನೆಯಲ್ಲಿ ತಾನು ಬೇಕಾದವನು ಎಂದು ಅಪ್ಪನಿಗೆ ತೋರಿಸಬೇಕಾಗಿತ್ತು ಎಂದು ಕಾಣುತ್ತದೆ. ಅವನನ್ನು ನೋಡಿ ನನಗೂ ಭಯವಾಗುತ್ತಿತ್ತು.

ಅದರ ಮಾರನೆಯ ಬೆಳಿಗ್ಗೆ ಅವನಿಗೆ ವಾಂತಿಭೇದಿ ಶುರುವಾಯಿತು. ಬಿಸಿಲೇರುವ ಹೊತ್ತಿಗೆ ಕಣ್ಣು ಒಳಕ್ಕೆ ಹೋಗಿ, ಬೆರಳ ತುದಿ ಸುಕ್ಕಾಗಿ, ಧ್ವನಿ ಕೀರಲಾಗಿಬಿಟ್ಟಿತ್ತು. ಅಪ್ಪ ಡಾಕ್ಟರನ್ನು ಕರೆತರಲು ಗಾಡಿ ಕಟ್ಟಿಕೊಂಡು ಮುಳಬಾಗಿಲಿಗೆ ಹೋದ. ಬಾಗಿಲಲ್ಲಿ ನಿಂತ ಪಕ್ಕದ ಮನೆಯ ಮುದುಕಿ, "ನೀಳ್ಳು ಇಯ್ಯೊದ್ದಮ್ಮಾ, ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತದೆ" ಎಂದು ಕೂಗಿ ಹೇಳಿದಳು. ಆಗ ಎಲ್ಲರೂ ಹಾಗೇ ನಂಬಿದ್ದರು. ಅವನು ನೀರು ನೀರು ಎನ್ನುತ್ತಿದ್ದ. ಅಮ್ಮ ಸ್ವಲ್ಪ ಹೊತ್ತು ಸೆರಗು ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಎದ್ದು ಬಾಗಿಲು ಹಾಕಿ, ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ಒಳಲೆಯಲ್ಲಿ ಮಗುವಿಗೆ ಹಾಕುವಂತೆ ಗಂಜಿನೀರು ಹಾಕತೊಡಗಿದಳು. ಹಾಕಿದ್ದೆಲ್ಲಾ ಹೊರಗೆ ಬಂತು.

"ವದಿನಾ, ನಾನು ಫೇಲಾಗ್ತೀನಿ" ಎಂದ ಅವನು. "ಅಣ್ಣಂಗೆ ಹೇಳು, ಮಂಡೀಗೆ ಕಳಿಸ್ಬೇಡ ಅಂತ. ನಾನು ಇಲ್ಲೇ ಎಮ್ಮೆ ನೋಡ್ಕೊಂಡಿರ್ತೀನಿ."

"ಯಾವನು ಕಳಿಸ್ತಾನೋ ನೋಡ್ತೀನಿ. ನೀನು ಇಲ್ಲೇ ಇರ್ತೀಯಪ್ಪ, ಇಲ್ಲೇ ಇರ್ತೀಯ."

ಡಾಕ್ಟರು ಇನ್ನೊಂದು ಹಳ್ಳಿಗೆ ಹೋಗಿದ್ದರಂತೆ. ಅಪ್ಪನ ಗಾಡಿ ಖಾಲಿ ವಾಪಸು ಬಂದಾಗ ಸಂಜೆಯಾಗಿತ್ತು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಆರೋಗ್ಯ ಇಲಾಖೆಯವರು ಬಂದು ಬಾವಿಗೆ, ಬಚ್ಚಲಿಗೆ, ನಡುಮನೆಗೆ ಆ ಬಿಳಿ ಪುಡಿ ಹಾಕಿದರು. ಮನೆಯೆಲ್ಲಾ ಅದೇ ವಾಸನೆ. ಅವನ ಚಾಪೆ, ದುಪ್ಪಟಿ, ಅಂಗಿ, ಪುಸ್ತಕ ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟರು. ಆ ಕುಂಟೆಯ ನೀರೇ ಕಾರಣವೋ, ಕೋಲಾರದ ಛತ್ರದ ನೀರೋ, ಯಾರಿಗೂ ಗೊತ್ತಿಲ್ಲ. ಎರಡನ್ನೂ ನಾನೂ ಕುಡಿದಿದ್ದೆ. ನನಗೇನೂ ಆಗಲಿಲ್ಲ. ಅಪ್ಪ ಬಹಳ ದಿನ ಜಗಲಿಯಲ್ಲೇ ಮಲಗುತ್ತಿದ್ದ. ಒಂದು ದಿನ ಅಮ್ಮನಿಗೆ, "ಮದನಪಲ್ಲಿ ಮಾತು ಸುಮ್ನೆ ಹೆದರ್ಸೋಕೆ ಅಂದಿದ್ದು ಕಣೇ. ಕಳಿಸ್ತಿರ್ಲಿಲ್ಲ" ಎಂದ. ಅಮ್ಮ ಬೀಸುತ್ತಲೇ ಇದ್ದಳು.

ಬೇಸಿಗೆ ಕಳೆದು ಫಲಿತಾಂಶ ಬಂತು. ನಾವು ಮೂವರೂ ಪಾಸಾಗಿದ್ದೆವು. ಸ್ಕೂಲಿನ ಹತ್ತಿರ ನಾನು ಕೆಮಿಸ್ಟ್ರಿ ಮೇಷ್ಟರನ್ನು ಉಪ್ಪಿನ ವಿಷಯ ಕೇಳಿದೆ. "ಅದೂ ಸರಿಯೇ ಕಣಯ್ಯ. ಹಳೇ ಪುಸ್ತಕದಲ್ಲಿ ಅದೇ ಇತ್ತು. ಯಾಕೆ, ಯಾರು ಬರೆದಿದ್ರು?" ಎಂದರು. ಪಕ್ಕದಲ್ಲಿದ್ದ ಸತ್ಯ ನೆಲ ನೋಡುತ್ತಾ ನಿಂತ. ಆಮೇಲೆ ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ನಾನೂ ಕರೆಯಲಿಲ್ಲ.

ಪಾಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದು ನಮ್ಮ ಸ್ಕೂಲಿನ ವಾಡಿಕೆ. ಕೋಲಾರದಿಂದ ಫೋಟೋದವನು ಬಂದ. ಕಟ್ಟು ಹಾಕಿಸಿದ ಆ ಫೋಟೋವನ್ನು ನಾನು ಮನೆಗೆ ತಂದಾಗ ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದು ಮುಖದ ಮೇಲೂ ಬೆರಳಿಟ್ಟು ನೋಡಿದಳು. ನನ್ನ ಮುಖದ ಮೇಲೆ ಬೆರಳು ಬಂದಾಗ ನಿಲ್ಲಲಿಲ್ಲ, ಸಾಲಿನ ಕೊನೆಯವರೆಗೂ ಹೋಯಿತು. ಮತ್ತೆ ಮೊದಲಿಂದ ಶುರುವಾಯಿತು. ಅವನು ಅದರಲ್ಲಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಮನೆಯಿದ್ದ ಜಾಗದಲ್ಲಿ ಬೇರೆಯವರ ಮನೆಯಿದೆ. ಆ ಗುಂಪು ಫೋಟೋ ಈಗಲೂ ನನ್ನ ಹತ್ತಿರ ಇದೆ, ಮಾಸಿದೆ. ಮುನಿಶಾಮಿಯ ಫೋಟೋ ಒಂದೂ ಇಲ್ಲ.